ಕಾಲು ಕತ್ತರಿಸಿದ ದೀಪಗಳು

ಬೇಕರಿಯ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಸರ್ಕ್ಯೂಟ್ ಕಲಿಸುವ ಮೇಷ್ಟ್ರು ಅದಕ್ಕೆ ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದರು. ಆ ಕೆಲಸದಿಂದ ಎರಡು ವಿದ್ಯೆಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದಿದ್ದರು: ತಾಯಂದಿರನ್ನು ಹೆದರಿಸುವುದು, ಹೆದರಿದ ಮೇಲೆ ಸಮಾಧಾನ ಮಾಡುವುದು. ಮೊದಲು 'ನಿಮ್ಮ ನೀರಿನಲ್ಲಿ ಏನಿದೆ ಗೊತ್ತಾ' ಎನ್ನುತ್ತಿದ್ದವರು ಈಗ 'ನಿಮ್ಮ ಮಗುವಿನಲ್ಲಿ ಏನಿಲ್ಲ ಗೊತ್ತಾ' ಎನ್ನುತ್ತಿದ್ದರು.

ತರಗತಿಯ ಗೋಡೆಯ ಮೇಲೆ 'ಕೈಯಾರೆ ಮಾಡಿ ಕಲಿ' ಎಂದು ದೊಡ್ಡದಾಗಿ ಬರೆಸಿದ್ದರು. ಅದರ ಕೆಳಗೇ, ಬೀರುವಿನ ಬಾಗಿಲಿಗೆ, 'ಉಪಕರಣಗಳನ್ನು ಮುಟ್ಟಬಾರದು' ಎಂಬ ಚೀಟಿ. ಎಂಟು ಮಕ್ಕಳು ಇವೆರಡರ ನಡುವೆ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಎಲ್‌ಇಡಿ ಎಂಬ ಪುಟಾಣಿ ದೀಪಕ್ಕೆ ಎರಡು ಕಾಲು, ಉದ್ದದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್ ಎಂಬುದು ಎಲ್ಲರ ಪುಸ್ತಕದ ಮೂರನೇ ಪುಟದಲ್ಲಿತ್ತು, ಕೆಲವರದರಲ್ಲಿ ಎರಡು ಗೆರೆ ಎಳೆದು.

ಎಂಟರಲ್ಲಿ ಒಬ್ಬಳು ಮಾತ್ರ ಬರೆಯುವುದಕ್ಕಿಂತ ಕೇಳುವುದು ಹೆಚ್ಚು. ಒಂದು ಸರ್ಕ್ಯೂಟ್ ಬೋರ್ಡು ಕೊಡಿ ಸರ್, ಒಂದು ಅಯಸ್ಕಾಂತ ಕೊಡಿ ಸರ್ ಎಂದು ಅವಳು ಮೂರು ವಾರ ಬೆನ್ನು ಬಿದ್ದ ಮೇಲೆ, ಪೀಡೆ ತೊಲಗಲಿ ಎಂದು ಮೇಷ್ಟ್ರು ಬೀರು ತೆಗೆದಿದ್ದರು. ಅವಳ ಅಜ್ಜನಿಗೆ ಕಿವಿ ಪೂರ್ತಿ ಹೋಗಿತ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಯಾರಾದರೂ ಬಾಗಿಲು ತಳ್ಳಿ ಒಳಗೆ ಬಂದು ಎದುರು ನಿಂತರೆ ಮುದುಕ ಬೆಚ್ಚಿಬಿದ್ದು ಕೈಲಿದ್ದ ಲೋಟ ಬಿಡುತ್ತಿದ್ದ. ಹುಡುಗಿ ಬಾಗಿಲಿಗೆ ಅಯಸ್ಕಾಂತ ಅಂಟಿಸಿ, ಚೌಕಟ್ಟಿಗೆ ಚಿಕ್ಕ ಸ್ವಿಚ್ ಕೂರಿಸಿ, ಅಜ್ಜನ ಕುರ್ಚಿಯ ಪಕ್ಕ ಹಳೇ ಸೋಪಿನ ಡಬ್ಬಿಯೊಳಗೆ ಬೋರ್ಡು ಇಟ್ಟಿದ್ದಳು. ಬಾಗಿಲು ಅಲ್ಲಾಡಿದರೆ ಡಬ್ಬಿಯ ಕೆಂಪು ದೀಪ ಮೂರು ಸಲ ಮಿಟುಕುತ್ತಿತ್ತು. ಲೋಟ ಬೀಳುವುದು ನಿಂತಿತ್ತು.

ವಾರ್ಷಿಕ ಪ್ರದರ್ಶನ ಬಂತು. ಮೇಜಿನ ಮೇಲೆ ಇಟ್ಟದ್ದನ್ನು ಮಕ್ಕಳು ಮನೆಗೆ ಒಯ್ಯಬಹುದು, ಉಳಿದ ಸಾಮಾನೆಲ್ಲ ವಾಪಸ್ ಬೀರುವಿಗೆ ಎಂದು ಮೇಷ್ಟ್ರ ನಿಯಮ. ಮೇಜಿನ ಮೇಲೆ ಏನಿರಬೇಕೆಂದೂ ಅವರೇ ತೀರ್ಮಾನಿಸಿದ್ದರು: ಥರ್ಮಕೋಲಿನ 'ನಾಳೆಯ ನಗರ'. ಅವಳನ್ನು ಬಿಟ್ಟು ಏಳು ಮಕ್ಕಳಿಗೆ ಏಳು ನಗರ. ಏಳೂ ಒಂದೇ ಥರ.

ಶನಿವಾರ ಅವಳು ತಂದು ತೋರಿಸಿದ ಸೋಪಿನ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ ಮೇಷ್ಟ್ರು, ವೈರು ಹೊರಗೆ ಕಾಣುತ್ತೆ, ನೋಡಿದವರು ಏನಂದುಕೊಳ್ಳಬೇಕು ಎಂದರು. ನಾಳೆ ಬಿಚ್ಚಿ ಸಾಮಾನು ಕೊಟ್ಟುಬಿಡಬೇಕಂತೆ. ಅವಳು ಅಜ್ಜನ ವಿಷಯ ಹೇಳಿದಳು. ಮುಂದಿನ ಬ್ಯಾಚಿನಲ್ಲಿ ನೋಡೋಣಮ್ಮ ಎಂದರು, ಅಜ್ಜನೂ ಫೀಸು ಕಟ್ಟಿ ಸೇರುತ್ತಾನೇನೋ ಎಂಬಂತೆ.

ನಗರಗಳನ್ನು ಕಟ್ಟಿದ್ದು ಮಕ್ಕಳಲ್ಲ. ಬಣ್ಣ ತಾಯಂದಿರದು, ಬೆಸುಗೆ ತಂದೆಯರದು. ದೀಪಗಳ ಉಸ್ತುವಾರಿಯನ್ನು ಆ ತಾಯಂದಿರಲ್ಲೊಬ್ಬರಾದ ವಕೀಲರ ಹೆಂಡತಿ ಮೈಮೇಲೆ ಎಳೆದುಕೊಂಡಿದ್ದರು. ಟವೆಲ್ಲುಗಳನ್ನು ಸ್ಕೇಲ್ ಇಟ್ಟು ಮಡಚುವ ಹೆಂಗಸು. ದೀಪಕ್ಕೆ ಒಂದು ಕಾಲು ಉದ್ದ ಒಂದು ಗಿಡ್ಡ ಇರುವುದು ಅವರ ಕಣ್ಣಿಗೆ ಚುಚ್ಚಿತು. ಉಗುರು ಕತ್ತರಿಸುವ ಶ್ರದ್ಧೆಯಿಂದ ಅಷ್ಟೂ ದೀಪಗಳ ಕಾಲುಗಳನ್ನು ಸಮ ಮಾಡಿ ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದರು. ಮೇಷ್ಟ್ರು ನೋಡಿ, ಇದಕ್ಕೆ ಫಿನಿಶಿಂಗ್ ಅನ್ನೋದು ಎಂದು ಎಲ್ಲರೆದುರು ಹೊಗಳಿದರು. ತಂದೆಯರು ಕೈಗೆ ಬಂದ ಕಡೆಯಿಂದ ಬೆಸೆದರು. ಬ್ಯಾಟರಿಗಳು ಮಾತ್ರ ಮೇಷ್ಟ್ರ ಜೇಬಿನಲ್ಲೇ ಇದ್ದವು. ಮೊದಲೇ ಕೊಟ್ಟರೆ ಉರಿಸಿ ಖಾಲಿ ಮಾಡುತ್ತಾರೆಂದು.

ಭಾನುವಾರ ಬೆಳಿಗ್ಗೆ ಬ್ಯಾಟರಿ ಹಾಕಿದರು. ಏಳು ನಗರಗಳಲ್ಲಿ ಒಟ್ಟು ಎರಡು ಬೀದಿಗಳ ದೀಪಗಳು ಹೊತ್ತಿದವು.

ತಂದೆಯರು ಒಬ್ಬೊಬ್ಬರೂ ಒಂದೊಂದು ಸಿದ್ಧಾಂತ ಹೊರಗೆ ತೆಗೆದರು. ಒಬ್ಬರು ಹವೆಯಲ್ಲಿ ತೇವ ಎಂದರು. ಒಬ್ಬರು ನಗರವನ್ನು ಎತ್ತಿ ಕೊಡವಿದರು. ಒಂದು ಆಸ್ಪತ್ರೆ ಕಳಚಿ ಬಿತ್ತು. ಮೇಷ್ಟ್ರು ಬ್ಯಾಟರಿ ಕಂಪನಿಯನ್ನು ಬಯ್ದರು. ಅಷ್ಟರಲ್ಲಿ ಮುಖ್ಯ ಅತಿಥಿಗಳಾದ ಪೀಠೋಪಕರಣದ ಅಂಗಡಿ ಯಜಮಾನರಿಂದ ಫೋನು: ಅರ್ಧ ಗಂಟೆಯಲ್ಲಿ ಬಂದೆ.

ಬಾಗಿಲಿನಿಂದ ಬಿಚ್ಚಿದ ಸಾಮಾನನ್ನೂ ಡಬ್ಬಿಗೆ ತುಂಬಿ ತಂದು ಬೀರುವಿನ ಪಕ್ಕ ನಿಂತಿದ್ದ ಹುಡುಗಿ ಹೇಳಿದಳು: "ಕೆಲವು ಲೈಟು ಉಲ್ಟಾ ಇವೆ ಸರ್. ಸಾಲಲ್ಲಿ ಒಂದು ಉಲ್ಟಾ ಆದ್ರೆ ಸಾಲು ಪೂರ್ತಿ ಹೋಗುತ್ತೆ."

"ಲೈಟಿಗೆ ಉಲ್ಟಾ ಸೀದಾ ಅಂತ ಬೇರೆ ಇರುತ್ತಾ?" ಎಂದರು ವಕೀಲರ ಹೆಂಡತಿ. ಅವರ ಮಗಳು ಪುಸ್ತಕದ ಮೂರನೇ ಪುಟವನ್ನು ಸದ್ದಿಲ್ಲದೆ ಮುಚ್ಚಿದಳು.

ಮೇಷ್ಟ್ರಿಗೆ ಮೂರನೇ ಪುಟ ನೆನಪಾಯಿತು. ಮುಖ ಥರ್ಮಕೋಲಿನ ಬಣ್ಣಕ್ಕೆ ತಿರುಗಿತು. "ಕಾಲೇ ಇಲ್ವಲ್ಲಮ್ಮ, ಈಗ ಗೊತ್ತಾಗೋದು ಹೇಗೆ?"

"ಗೊತ್ತಾಗುತ್ತೆ ಸರ್. ತಲೆ ಇದೆಯಲ್ಲ."

"ತೋರಿಸು ಮತ್ತೆ."

ಅವಳು ಜಾಗ ಬಿಟ್ಟು ಕದಲಲಿಲ್ಲ. "ಮೊದಲು ಇದನ್ನ ಮೇಜಿನ ಮೇಲೆ ಇಡ್ತೀರಾ?"

ಅತಿಥಿಗಳು ಬರುವ ಹೊತ್ತಿನಲ್ಲಿ ಇದೆಂಥ ಹಟ ಎಂದು ವಕೀಲರ ಹೆಂಡತಿ ಗೊಣಗಿದರು. ಮೇಷ್ಟ್ರು ಬೇಗ ಬೇಗ ಒಂದು ನಗರವನ್ನು ಆಚೆ ಸರಿಸಿ ಅಂಗೈಯಗಲ ಜಾಗ ಮಾಡಿದರು. ಹುಡುಗಿ ಡಬ್ಬಿಯನ್ನು ಇಟ್ಟು, ಅದು ಮೇಜಿನ ಮೇಲಿದೆ ಎಂದು ಮೇಷ್ಟ್ರ ಬಾಯಲ್ಲೇ ಹೇಳಿಸಿ, ಆಮೇಲೆ ಬಗ್ಗಿದಳು. ದೀಪದ ಸುತ್ತಿನ ಅಂಚು ಮೈನಸ್ ಕಡೆ ಒಂಚೂರು ಚಪ್ಪಟೆಯಾಗಿರುತ್ತದೆ. ಡಬ್ಬಿಯಲ್ಲಿ ಹಿಡಿಸದೆ ತಾನೂ ಒಮ್ಮೆ ಕಾಲು ಕತ್ತರಿಸಿ ಪೇಚಾಡಿದ್ದರಿಂದ ಅವಳಿಗೆ ಅದು ಗೊತ್ತಿತ್ತು. ಉಗುರಲ್ಲಿ ಸವರುತ್ತಾ ಇದು, ಇದು, ಇದಲ್ಲ, ಇದು ಎಂದು ತೋರಿಸುತ್ತಾ ಹೋದಳು. ತಂದೆಯರು ತರಗತಿಯಲ್ಲಿದ್ದ ಒಂದೇ ಬೆಸುಗೆ ಕಡ್ಡಿಗೆ ಸರದಿ ನಿಂತರು, ವಿಧೇಯ ವಿದ್ಯಾರ್ಥಿಗಳಂತೆ. ಆ ವರ್ಷ ಆ ಕೋಣೆಯಲ್ಲಿ ನಡೆದ ನಿಜವಾದ ಪಾಠ ಅದೊಂದೇ.

ಅರ್ಧ ಗಂಟೆಗೆ ಮುಂದಿನ ಸಾಲುಗಳಷ್ಟೇ ಸರಿಹೋದವು. ಅಂಗಡಿ ಯಜಮಾನರು ಬಂದು ಹಾರ ಹಾಕಿಸಿಕೊಂಡು, ಹಿಂದಿನ ಬೀದಿಗಳು ಯಾಕೆ ಕತ್ತಲು ಎಂದು ಕೇಳಿದರು.

"ವಿದ್ಯುತ್ ಉಳಿತಾಯ ಸರ್," ಎಂದರು ಮೇಷ್ಟ್ರು. ನೀರಿನ ಯಂತ್ರ ಮಾರಿದ ನಾಲಿಗೆ, ತಡವರಿಸಲಿಲ್ಲ.

ಯಜಮಾನರು ಮೆಚ್ಚಿ ತಲೆದೂಗಿದರು. ಇಷ್ಟು ಸಣ್ಣ ವಯಸ್ಸಿಗೇ ಎಂಥ ದೂರಾಲೋಚನೆ ಎಂದು ಕಾಲು ಗಂಟೆ ಮಾತಾಡಿದರು. ಸೋಪಿನ ಡಬ್ಬಿಯನ್ನು ಅದು ಸೋಪೇ ಎಂದು ತಿಳಿದು, ಕೈ ತೊಳೆಯಲು ನೀರೆಲ್ಲಿ ಎಂದು ಕೇಳಿದರು. ಮೊದಲ ಬಹುಮಾನ ವಕೀಲರ ಮನೆಯ ನಗರಕ್ಕೆ ಹೋಯಿತು, ಫಿನಿಶಿಂಗ್‌ಗಾಗಿ.

ಹುಡುಗಿ ಫೋಟೋಗೆ ನಿಲ್ಲಲಿಲ್ಲ. ಮೇಜಿನ ಮೇಲಿಂದ ತನ್ನದನ್ನು ಎತ್ತಿಕೊಂಡಳು. ಮೇಷ್ಟ್ರು ಒಮ್ಮೆ ಬೀರುವಿನ ಕಡೆ ನೋಡಿ, ಫೋಟೋಗೆ ಹೋಗಿ ನಿಂತರು.

ಮನೆಯಲ್ಲಿ ಡಬ್ಬಿಯ ದೀಪವಿಲ್ಲದೆ ಅಜ್ಜ ಬೆಳಗಿನಿಂದ ಬಾಗಿಲ ಕಡೆ ಕುರ್ಚಿ ತಿರುಗಿಸಿಕೊಂಡು ಕಾಯುತ್ತಿದ್ದ. ಅವಳು ಅಯಸ್ಕಾಂತ ಅಂಟಿಸಿ, ಸ್ವಿಚ್ ಕೂರಿಸಿ, ಬೋರ್ಡಿಗೆ ವೈರು ಸಿಕ್ಕಿಸಿ, ಬಾಗಿಲನ್ನೊಮ್ಮೆ ತಳ್ಳಿದಳು. ಮೂರು ಸಲ ಕೆಂಪು. ಮುದುಕ ನಿರಾಳವಾಗಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದ.

"ಬಹುಮಾನ ಯಾರಿಗೆ ಬಂತು ಮಗಾ?" ಎಂದ, ಕಿವಿ ಕೇಳದವರ ಎತ್ತರದ ದನಿಯಲ್ಲಿ.

ಕೂಗಿ ಪ್ರಯೋಜನವಿಲ್ಲ. ಅವಳು ಡಬ್ಬಿಯ ದೀಪವನ್ನು ತೋರಿಸಿ, ಎರಡು ಬೆರಳು ಎತ್ತಿ ಅವನ ಮುಖದ ಮುಂದೆ ಕತ್ತರಿ ಆಡಿಸಿದಳು.