ಬೇರಿನ ನಡುವೆ

ಕಚೇರಿಯ ಹಿತ್ತಲಲ್ಲಿ ಕುಂಡವನ್ನು ಬೋರಲು ಹಾಕಿ ತಳಕ್ಕೆ ಎರಡು ಏಟು ಕೊಟ್ಟಿದ್ದೇ ತಡ, ಗಿಡ ಮಣ್ಣಿನ ಸಮೇತ ಗೋಣಿಚೀಲದ ಮೇಲೆ ಧೊಪ್ಪನೆ ಬಿತ್ತು. ಜೊತೆಗೇ ಎದ್ದ ನಾತಕ್ಕೆ ಆಯಾ ಮುಖ ತಿರುಗಿಸಿ ಗೋಡೆ ಹಿಡಿದುಕೊಂಡಳು.

ಗುರುತಿನ ನಾತವೇ ಅದು. ಮೂರು ವಾರದಿಂದ ಕಚೇರಿಯೊಳಗೆ ಸುಳಿದಾಡುತ್ತಿತ್ತು. ಇಲಿ ಸತ್ತಿರಬೇಕೆಂದು ಬೀರುಗಳನ್ನು ಸರಿಸಿ ನೋಡಿದ್ದರು, ಬಚ್ಚಲಿಗೆ ಫಿನಾಯಿಲ್ ಸುರಿಸಿದ್ದರು. ಕೊನೆಗೊಂದು ದಿನ ಹೆಡ್ ಗುಮಾಸ್ತರು, ನೆಲ ಒರೆಸುತ್ತಿದ್ದ ಆಯಾಳಿಗೆ ಕೇಳಿಸುವಂತೆಯೇ, "ಕೆಲವ್ರು ದಿನಾ ಸ್ನಾನ ಮಾಡ್ಕೊಂಡು ಬಂದ್ರೆ ಎಲ್ಲಾ ಸರಿಹೋಗುತ್ತೆ" ಎಂದಿದ್ದರು. ಯಾರೋ ಕಿಸಕ್ಕನೆ ನಕ್ಕಿದ್ದರು. ಅಂದಿನಿಂದ ಅವಳು ಹತ್ತಿರ ಹೋದರೆ ಟೈಪಿಸ್ಟ್ ಹುಡುಗಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆಯಾ ಸೋಪು ಬದಲಾಯಿಸಿದಳು; ಎರಡು ಹೊತ್ತೂ ಸ್ನಾನ ಮಾಡಿದಳು. ಒಂದು ಸಂಜೆ ಮಗಳನ್ನು ಹತ್ತಿರ ಕರೆದು, "ನಿಜ ಹೇಳೇ, ನನ್ನ ಮೈ ವಾಸನೆ ಬರುತ್ತಾ?" ಎಂದೂ ಕೇಳಿದ್ದಳು.

ಕಿಟಕಿ ಪಕ್ಕದ ಈ ಗಿಡ ಸೊರಗತೊಡಗಿದಾಗ, ಬುಡದ ಹಿಳ್ಳು ಬಿಡಿಸಿ, ಆ ಮರಿಗಿಡಗಳನ್ನು ಮೇಜಿಗೊಂದರಂತೆ ನೆಟ್ಟುಕೊಡುತ್ತೇನೆಂದು ಅವಳಾಗಿಯೇ ಹೇಳಿದ್ದಳು. ಅಷ್ಟಾದರೂ ಮಾಡಿದರೆ ತನ್ನನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಿಯಾರು ಎಂಬ ಆಸೆ.

ಉಸಿರು ಬಿಗಿಹಿಡಿದು ಎರಡೂ ಹೆಬ್ಬೆರಳಿನಿಂದ ಬೇರುಗಳನ್ನು ಬಿಡಿಸಿದಳು. ನಡುವೆ ಬೂದುಬಣ್ಣದ ಲೋಳೆ. ಅದರೊಳಗೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಬೇರುಗಳು ಕೊಳೆತು ಕಪ್ಪಾಗಿದ್ದವು; ಮುಟ್ಟಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಲೋಳೆಯಲ್ಲಿ ಕೊಳೆಯದೆ ಉಳಿದಿದ್ದ ಕೆಲವು ಕಾಳುಗಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಓಟ್ಸ್. ಡಾಕ್ಟರು ಹೇಳಿದರೆಂದು ಹೆಂಡತಿ ದಿನಾ ಕಟ್ಟಿಕೊಡುವ ಉಪ್ಪಿಲ್ಲದ ಓಟ್ಸ್ ಗಂಜಿಯನ್ನು ಹೆಡ್ ಗುಮಾಸ್ತರು ಬೈಯದ ದಿನವಿರಲಿಲ್ಲ. ಆದರೂ ಡಬ್ಬಿ ಮಾತ್ರ ದಿನಾ ಖಾಲಿಯಾಗಿಯೇ ಇರುತ್ತಿತ್ತು. ಅದನ್ನು ತೊಳೆದಿಡುತ್ತಿದ್ದವಳು ಆಯಾಳೇ.

"ಆಯ್ತೇನಮ್ಮ? ದೊಡ್ಡದನ್ನ ನನಗೆ ಎತ್ತಿಡು" ಎನ್ನುತ್ತ ಅವರೇ ಹಿಂಬಾಗಿಲಿಗೆ ಬಂದರು. ಗೋಣಿಯ ಮೇಲಿನದನ್ನು ಕಂಡವರೇ ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ನಿಮ್ಮ ಗಂಜಿ ಸಾರ್."

ಅವರು ಒಳಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು. "ಅದನ್ನ ಮನುಷ್ಯರು ತಿನ್ನೋಕಾಗುತ್ತಾ, ನೀನೇ ಹೇಳು? ವಾಪಸ್ ತಗೊಂಡೋದ್ರೆ ಮನೇಲಿ ರಾಮಾಯಣ. ದೊಡ್ಡದು ಮಾಡ್ಬೇಡ. ಬಚ್ಚಲು ಕಟ್ಕೊಂಡಿತ್ತು ಅಂತ ನಾನೇ ಎಲ್ರಿಗೂ ಹೇಳ್ತೀನಿ."

"ನಾತ ಎಲ್ಲಿಂದ ಅಂತ ನಿಮಗೆ ಗೊತ್ತಿತ್ತು."

"ಹೋಗ್ಲಿ ಬಿಡಮ್ಮ, ಈಗ್ಯಾಕೆ ಅದು."

ಅವಳು ಎದ್ದು ನಿಂತಳು. ಕೈಯಿಂದ ಲೋಳೆ ತೊಟ್ಟಿಕ್ಕುತ್ತಿತ್ತು. "ಬನ್ನಿ ಸಾರ್, ಹತ್ರ ಬಂದು ಮೂಸಿ ನೋಡಿ. ಗಿಡಾನಲ್ಲ, ನನ್ನನ್ನ. ಎಲ್ರೆದುರಿಗೆ ಹೇಳಿದ್ರಲ್ಲ, ಎಲ್ರೆದುರಿಗೇ ಮೂಸಿ!"

ಅವಳ ಗಂಟಲು ಅಷ್ಟು ಜೋರೆಂದು ಅವಳಿಗೇ ಗೊತ್ತಿರಲಿಲ್ಲ. ಕಚೇರಿಗೆ ಕಚೇರಿಯೇ ಬಾಗಿಲಿಗೆ ಬಂದು ನಿಂತಿತು. ಯಾರೂ ನಗಲಿಲ್ಲ. ಹೆಡ್ ಗುಮಾಸ್ತರು ಕರವಸ್ತ್ರ ತೆಗೆಯದೆಯೇ ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ನುಸುಳಿದರು.

ಕೊಳೆತದ್ದನ್ನೆಲ್ಲ ಕತ್ತರಿಸಿ ಬಿಸಾಡಿದ ಮೇಲೆ ಮೂರು ಹಿಳ್ಳು ಉಳಿದವು. ನಲ್ಲಿಯ ಕೆಳಗೆ ಹಿಡಿದು ಬೇರು ಬೆಳ್ಳಗಾಗುವವರೆಗೆ ತೊಳೆದು, ಹೊಸ ಮಣ್ಣಲ್ಲಿ ನೆಟ್ಟಳು. ಮೊದಲಿನ ಆ ಆಸೆಯಿಂದಲ್ಲ; ಗಿಡದ ತಪ್ಪೇನಿತ್ತು?

ಕೊನೆಯ ಕುಂಡವನ್ನು ಮೇಜಿನ ಮೇಲಿಟ್ಟಾಗ ಟೈಪಿಸ್ಟ್ ಹುಡುಗಿ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟಳು. "ಸಾರಿ ಆಯಾ. ನಮಗೇನು ಗೊತ್ತು, ಅವ್ರು ಹಂಗಂದ್ರು..."

"ಆಯ್ತು ಮೇಡಂ."

ಆ ಕೈ ತಾನಾಗಿ ಇಳಿಯುವವರೆಗೂ ಆಯಾ ಅಲುಗಾಡದೆ ನಿಂತಿದ್ದಳು. ಆಮೇಲೆ ಬಕೆಟ್ ಎತ್ತಿಕೊಂಡು ಹೊರಬಂದಳು. ಓಣಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಬಟ್ಟೆಯ ತುದಿಯನ್ನು ನೀರಿಗದ್ದಿ, ಆ ಕೈ ಇದ್ದ ಭುಜವನ್ನು ಒಮ್ಮೆ ಒರೆಸಿದಳು. ನಂತರ ಇನ್ನೊಮ್ಮೆ.