ಓದಿ ಹೇಳುವವಳು

ನಮ್ಮ ಮನೆಯಲ್ಲಿ ಕಂಪ್ಯೂಟರ್ ನಡೆಸಲು ಇಬ್ಬರು ಬೇಕಿತ್ತು. ಕೈ ನನ್ನ ಗಂಡನದು, ಕಣ್ಣು ಬಾಯಿ ನನ್ನದು. ಪರದೆಯ ಮೇಲೆ ಏನೇ ಬರಲಿ, "ಏನಂತೆ, ಓದೇ" ಅನ್ನುತ್ತಿದ್ದರು. ನಾನು ಓದಿ ಹೇಳಬೇಕು, ಅವರು ಒತ್ತಬೇಕು. ಮೋಟಾರು ರಿಪೇರಿಯವರು, ಯಾವ ಯಂತ್ರವಾದರೂ ಮೊದಲು ತಿರುಗಬೇಕು, ಮಿಕ್ಕಿದ್ದು ಆಮೇಲೆ ಅನ್ನುವವರು. ನಾನೋ, ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದವಳು. ಮನೆಗೆ ಬಂದರೂ ಅತ್ತಿಗೆ ಮೈಕು ಆರಿಸಲ್ಲ ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು.

ಗಂಟಲಲ್ಲಿ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ನನ್ನ ಉಸಿರು ಕುತ್ತಿಗೆಯ ತೂತಿನಲ್ಲಿ ಓಡಾಡುತ್ತದೆ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಒಂದು ರೆಕಾರ್ಡರ್ ಕೊಟ್ಟು ಪುಟಗಟ್ಟಲೆ ವಾಕ್ಯ ಓದಿಸಿದ್ದರು. ಅದನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ, ಮುಂದೆ ನಾನು ಟೈಪ್ ಮಾಡಿದ್ದನ್ನು ಅದು ನನ್ನದೇ ದನಿಯಲ್ಲಿ ಹೇಳುತ್ತದಂತೆ. ಓದುವ ನಡುವೆ, "ಆ ಫ್ಯಾನ್ ಆರಿಸ್ರೀ, ಎಷ್ಟು ಸಲ ಬಡ್ಕೋಬೇಕು!" ಎಂದು ಗದರಿದ್ದೂ ಅದರಲ್ಲಿ ಸೇರಿಹೋಗಿತ್ತು. ಅದನ್ನು ಅಳಿಸಕೂಡದು ಎಂದು ಇವರೇ ಹಟ ಹಿಡಿದರು. ರೆಕಾರ್ಡರನ್ನು ಖಾಲಿ ಮಾಡಿ ಹಿಂದಿರುಗಿಸಬೇಕಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡು, ತೊಳೆದ ಪಾತ್ರೆಯ ಹಾಗೆ ಕೊಟ್ಟುಬಂದರು.

ನಮ್ಮದು ಮುಚ್ಚಿಹೋದ ಕಚೇರಿಯೊಂದರಿಂದ ಕೊಂಡು ತಂದ ಹಳೇ ಕಂಪ್ಯೂಟರ್. ದನಿ ಕಟ್ಟುವ ಪ್ರೋಗ್ರಾಂ ಅದರ ಮೇಲೆ ಏಳಲೇ ಇಲ್ಲ. ಪ್ರೊಸೆಸರ್ ಬದಲಾಯಿಸಿ ಎಂದ ಕಂಪ್ಯೂಟರ್ ಅಂಗಡಿಯವನು. "ಅದಕ್ಕೆ ಅವನ್ಯಾಕೆ? ನಾನೇ ಹಾಕ್ತೀನಿ" ಎಂದರು ಇವರು.

ಹಾಕಿದರು. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ನನ್ನನ್ನು ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. "ಹಾಕು" ಎಂದರೆ ಹಾಕಬೇಕು, "ಆರಿಸು" ಎಂದರೆ ಆರಿಸಬೇಕು. ವೈರುಗಳನ್ನು ಕಿತ್ತು ಮತ್ತೆ ಒತ್ತಿದರು. ಮೆಮೊರಿ ಪಟ್ಟಿಗಳನ್ನು ತೆಗೆದು ರಬ್ಬರಿನಿಂದ ಉಜ್ಜಿದರು. ಪ್ರೊಸೆಸರನ್ನೇ ಎತ್ತಿ, ಕಾಲು ಬಗ್ಗಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನನಗೆ ಸಿಟ್ಟು, ಅದರ ಹಿಂದೆಯೇ ಭಯ. ಕೊನೆಗೆ ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿ, "ಹಾಕು" ಎಂದರು.

ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು.

"ಬಂತು ಕಣೇ! ಹೊಸ ಪ್ರೊಸೆಸರ್ ಸಿಕ್ಕಿದೆ ಅಂತಿದೆ!" ಎಂದು ಕುಣಿದಾಡಿದರು. ಅವರು ಓದಿದ್ದು ಮೊದಲ ಸಾಲು. ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ, ನಾನು ಅಭ್ಯಾಸದಂತೆ ಪೂರ್ತಿ ಓದಿದೆ, ಮನಸ್ಸಿನಲ್ಲೇ. ಹಳೆಯ ಕೀಲಿಗಳನ್ನು ಅಳಿಸಲು ವೈ ಒತ್ತಿ. ಡಿಸ್ಕಿಗೆ ಬೀಗ ಹಾಕಿದ್ದರೆ, ಬೇರೆ ಕೀಲಿ ಇಲ್ಲದೆ ಒಳಗಿನದು ಮತ್ತೆ ಸಿಗುವುದಿಲ್ಲ. ಹಾಗೇ ಇಡಲು ಎನ್ ಒತ್ತಿ.

ಅವರ ಬೆರಳು ವೈ ಕಡೆಗೆ ಹೋಯಿತು. "ಬೇಡಾ!" ಎಂದು ಕೂಗಿದೆ.

ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದೆ. ಕುತ್ತಿಗೆಯಿಂದ ಬುಸ್ಸೆಂದು ಗಾಳಿ ಬಂತು, ಅಷ್ಟೆ. ಕಂಪ್ಯೂಟರಿನ ಫ್ಯಾನಿನ ಸದ್ದು ಅದಕ್ಕಿಂತ ಜೋರಾಗಿತ್ತು. ಸ್ವಿಚ್ಚು ನನ್ನ ಕೈಕೆಳಗೇ ಇತ್ತು, ಆರಿಸಿದ್ದರೆ ಸಾಕಿತ್ತು. ಅದು ಹೊಳೆಯುವಷ್ಟರಲ್ಲಿ ಅವರು ಒತ್ತಿಯಾಗಿತ್ತು.

ಆಮೇಲೆ ಪರದೆ ಕೀಲಿ ಕೇಳಿತು. ಎಷ್ಟು ಸಲ ಆರಿಸಿ ಹಾಕಿದರೂ ಅದೇ ಮಾತು. ಇವರು ಅಂಗಡಿಯವನಿಗೆ ಫೋನು ಮಾಡಿದರು.

"ಹಳೇ ಪ್ರೊಸೆಸರನ್ನೇ ವಾಪಸ್ ಹಾಕ್ಲಾ?"

"ಹಾಕಿದ್ರೂ ಬರಲ್ಲ ಸಾರ್. ಕೀಲಿ ಅಳಿಸೋಕೆ ನೀವೇ ಒಪ್ಪಿದ್ದೀರಲ್ಲ. ಬೀಗ ಹಾಕಿದ್ದು ಆ ಕಚೇರಿಯವ್ರು, ಇಷ್ಟು ದಿನ ಅದು ತಾನಾಗೇ ತೆರ್ಕೊಳ್ತಿತ್ತು. ಅವರ ಹತ್ರ ಇನ್ನೊಂದು ಕೀಲಿ ಇರ್ಬೇಕಿತ್ತು."

"ಆ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ ಇದೆಯಪ್ಪಾ."

ಫೋನು ಕೆಳಗಿಟ್ಟು, ಇವರು ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕತೊಡಗಿದರು. ನನ್ನ ಮುಖ ನೋಡಲಿಲ್ಲ.

"ನಿನ್ನ ದನೀನ ನಾನೇ ಕೊಂದೆ" ಎಂದರು. ಕೊನೆಯ ಸ್ಕ್ರೂ ಹಾಕಿ, "ಬೈಯೇ. ಏನಾದ್ರೂ ಅನ್ನು. ಹೀಗೆ ಸುಮ್ಮನಿರಬೇಡ."

ಮಾತಿಗೆಂದು ಇಟ್ಟುಕೊಂಡಿದ್ದ ಸ್ಲೇಟು ತೆಗೆದುಕೊಂಡು, ಬಳಪ ಮುರಿಯುವ ಹಾಗೆ ಒತ್ತಿ ಬರೆದೆ: 'ಪೂರ್ತಿ ಓದೋಕೆ ಏನು ರೋಗ ನಿಮಗೆ? ಕಣ್ಣಿಲ್ವಾ?' ಅವರ ಮೊಣಕಾಲ ಮೇಲೆ ಕುಕ್ಕಿದೆ.

ಅವರು ಕನ್ನಡಕ ಹಾಕಿಕೊಂಡರು. ಅಕ್ಷರಗಳ ಕೆಳಗೆ ಬೆರಳಿಟ್ಟು, ಒಂದನ್ನೂ ಬಿಡದೆ, ಜೋರಾಗಿ ಓದಿದರು. "ಪೂರ್ತಿ... ಓದೋಕೆ... ಏನು ರೋಗ... ನಿಮಗೆ. ಕಣ್ಣಿಲ್ವಾ."

ಹಾಜರಿ ಕೂಗಿದ ಹಾಗಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ನಾನಿರಲಿಲ್ಲ. ಅಯ್ಯೋ, ಹಾಗಲ್ಲಾರೀ, ಹಾಗಲ್ಲ ಬೈಯೋದು ಎಂದು ತೋರಿಸಿಕೊಡಲು ನಾನು ಬಾಯಿ ತೆರೆದೆ.