ಎಲ್ಲರೂ ಕುಕಾಳ ಮೇಳದವರೇ

ನನ್ನ ಹೆಂಡತಿ ಕುಕಾ ಸಿಟ್ಟು ಬಂದರೆ ಕೂಗಾಡುವವಳಲ್ಲ, ನಗುವವಳು. ಆದ್ದರಿಂದ ಥಿಯೇಟರಿನ ಮ್ಯಾನೇಜರ್ ಹಾರ್ಗ್ರೋವ್ ಎದುರು ಅವಳು ನಕ್ಕಾಗ ಇನ್ನೇನು ಕಾದಿದೆಯೋ ಎಂದುಕೊಂಡೆ.

ಅದು ೧೯೧೯ನೇ ಇಸವಿ, ಸ್ಯಾನ್ ಆಂಟೋನಿಯೊ. ಅಲ್ಲಿಯವರೆಗೆ ನಾವು ನಮ್ಮ ಮೆಕ್ಸಿಕನ್ನರ ಕೇರಿಯಲ್ಲೇ ಡೇರೆ ಹಾಕಿ ಆಡಿಕೊಂಡಿದ್ದವರು. ಕುಕಾಳ ಹಾಡು, ನನ್ನ ಗಿಟಾರು, ನಡುನಡುವೆ ನನ್ನದೇ ಕೋಡಂಗಿ ಕುಣಿತ. ನೋಡುವವರು ಮನೆಯಿಂದಲೇ ಕುರ್ಚಿ ಹೊತ್ತು ತರುತ್ತಿದ್ದರು. ಈಗ ಬಿಳಿಯರ ಇಟ್ಟಿಗೆ ಥಿಯೇಟರಿನಿಂದ ಶನಿವಾರ, ಭಾನುವಾರ ಎರಡು ಮಧ್ಯಾಹ್ನದ ಆಟಕ್ಕೆ ಕರೆ ಬಂದಿತ್ತು. ಕುಕಾಳಿಗೆ ಒಂದೇ ಆಸೆ, ಅಪ್ಪ ನೋಡಬೇಕು. ನನ್ನ ಮಾವ ದೋನ್ ಹಸಿಂತೊ ಹದಿನಾಲ್ಕು ವರ್ಷ ಕಾನ್ಸಾಸಿನಲ್ಲಿ ರೈಲು ಹಳಿ ಹಾಕಿ, ಒಂದು ಕಾಲನ್ನು ಅಲ್ಲೇ ಕಳೆದುಕೊಂಡು, ಹೋದ ತಿಂಗಳಷ್ಟೇ ಮರಗಾಲಿನಲ್ಲಿ ಮರಳಿದ್ದರು. ಮಗಳನ್ನು ವೇದಿಕೆಯ ಮೇಲೆ ಅವರು ಒಮ್ಮೆಯೂ ನೋಡಿರಲಿಲ್ಲ.

“ಮೆಕ್ಸಿಕನ್ನರಿಗೆ ಮೇಲಿನ ಗ್ಯಾಲರಿ. ಕೆಳಗೆ ಕೂರೋ ಹಾಗಿಲ್ಲ,” ಎಂದ ಹಾರ್ಗ್ರೋವ್.

“ನಮ್ಮಪ್ಪನಿಗೆ ಒಂದೇ ಕಾಲು ಸ್ವಾಮಿ. ನಲವತ್ತು ಮೆಟ್ಲು ಹೆಂಗೆ ಹತ್ತಾರು?”

“ಹಾಗಾದ್ರೆ ಮನೇಲಿರ್ಲಿ.”

ಆಗಲೇ ಅವಳು ನಕ್ಕದ್ದು. “ಆಯ್ತು. ಕೆಳಗೂ ನಿಮ್ದೇ, ಮೇಲೂ ನಿಮ್ದೇ. ವೇದಿಕೆ ಯಾರ್ದು?”

“ನಿಮ್ಮ ಮೇಳದ್ದು. ಎಷ್ಟು ಜನರನ್ನ ಬೇಕಾದ್ರೂ ಹತ್ತಿಸ್ಕೊಳ್ಳಿ,” ಎಂದ ಪುಣ್ಯಾತ್ಮ.

ಶನಿವಾರ ಮಾವ ವೇದಿಕೆಯ ಮೇಲೇ, ಕುಕಾಳ ಬೆನ್ನ ಹಿಂದೆ, ಸ್ವಂತ ಕುರ್ಚಿ ಹಾಕಿಕೊಂಡು ಕೂತರು. ಹಾರ್ಗ್ರೋವ್ ಪರದೆಯ ಮರೆಯಿಂದ ಹಲ್ಲು ಕಡಿದ. “ಯಾರಯ್ಯಾ ನೀನು? ಟೋಪಿ ತೆಗಿ!”

“ಕೆಲ್ಸದಲ್ಲಿದೀನಿ, ಮಾತಾಡಿಸ್ಬೇಡ,” ಎಂದರು ಮಾವ. ಇದೂ ಆಟದ ಭಾಗವೆಂದು ಜನ ಬಿದ್ದುಬಿದ್ದು ನಕ್ಕರು.

ಆಟ ಮುಗಿದ ಮೇಲೆ ಕುಕಾ ಕೇಳಿದಳು, “ಹೆಂಗಿತ್ತಪ್ಪಾ?”

“ಹಾಡೇನೋ ಚೆನ್ನಾಗಿತ್ತು ಮಗಳೇ. ಆದ್ರೆ ಒಂದು ಗಂಟೆ ನಿನ್ನ ಜಡೆ ನೋಡಿದ್ದೇ ಆಯ್ತು.”

ಅವಳು ಮತ್ತೆ ನಕ್ಕಳು. ಸಂಜೆ ನಮ್ಮ ಕೇರಿಯ ಒಂದು ಮನೆಯನ್ನೂ ಬಿಡದೆ ಹೋಗಿ ಬಂದಳು.

ಭಾನುವಾರ ಥಿಯೇಟರಿನ ಹಿಂಬಾಗಿಲಿಗೆ ಕುರ್ಚಿಗಳ ಮೆರವಣಿಗೆಯೇ ಬಂತು. ಜೋಳದ ಹಿಟ್ಟಿನ ತಮಾಲೆ ಕಡುಬು ಮಾರುವ ಮುದುಕಿ ದೋನ್ಯಾ ಚೋನಾ, ಅವಳ ಮೂವರು ಸೊಸೆಯರು, ಕ್ಷೌರದಂಗಡಿಯವನು, ಇಟ್ಟಿಗೆ ಗೂಡಿನ ಕೂಲಿಗಳು, ಎಲ್ಲರೂ ಕುರ್ಚಿ ಹೊತ್ತು ವೇದಿಕೆ ಹತ್ತಿದರು.

“ಇವರೆಲ್ಲಾ ಯಾರು?” ಎನ್ನುತ್ತಾ ಓಡಿಬಂದ ಹಾರ್ಗ್ರೋವ್.

“ನನ್ನ ಮೇಳ,” ಎಂದಳು ಕುಕಾ.

“ಈ ಮುದುಕಿ ಏನ್ಮಾಡ್ತಾಳೆ?”

“ಚಪ್ಪಾಳೆ ತಟ್ತೀನಿ. ಕಷ್ಟದ ಕೆಲ್ಸ ಕಣಪ್ಪಾ,” ಎಂದಳು ದೋನ್ಯಾ ಚೋನಾ, ಹುರಿದ ಕುಂಬಳಬೀಜದ ಸಿಪ್ಪೆ ಉಗಿಯುತ್ತಾ.

“ಪೊಲೀಸರನ್ನ ಕರೀತೀನಿ!”

“ಕರೀರಿ. ಅವರಿಗೂ ಕುರ್ಚಿ ಹಾಕ್ಸೋಣ,” ಎಂದಳು ಕುಕಾ.

ಅವನು ಚಾಪೆ ಕೆಳಗೆ ತೂರಿದರೆ ನನ್ನ ಹೆಂಡತಿ ರಂಗೋಲಿ ಕೆಳಗೆ ತೂರುವವಳು. ನನಗೆ ಭಯವಿತ್ತು, ಒಳಗೊಳಗೇ ಖುಷಿಯೂ ಇತ್ತು. ವೇದಿಕೆಯ ಮೇಲೆ ಕಾಲಿಡಲು ಜಾಗವಿಲ್ಲ, ಪರದೆ ಇಳಿಸುವಂತಿಲ್ಲ. ಕೆಳಗೆ ಅರ್ಧ ಆಸನಗಳು ಖಾಲಿ. ಟಿಕೆಟ್ ಕೊಂಡ ಬಿಳಿಯರು ನೆಲಕ್ಕೆ ಬೂಟು ಬಡಿಯತೊಡಗಿದ್ದರು. ಹಾರ್ಗ್ರೋವ್ ಕೊನೆಗೆ ಕೈಚೆಲ್ಲಿದ. “ಹಾಳಾಗಿ ಹೋಗ್ಲಿ, ಕೆಳಗೇ ಕೂರ್ರಿ! ನನ್ನ ವೇದಿಕೆ ಬಿಡ್ರಿ!”

ನಮ್ಮವರು ಇಳಿದು ಮೆತ್ತನೆಯ ಆಸನಗಳಲ್ಲಿ ಕೂತರು. ಐದಾರು ಬಿಳಿಯರು ಮೂಗು ಮುರಿದು ಎದ್ದು ಹೋದರು, ಉಳಿದವರು ಅಲುಗಲಿಲ್ಲ. ಮಾವ ಮರಗಾಲು ಚಾಚಿಕೊಂಡು ಮೊದಲನೇ ಸಾಲಿನಲ್ಲೇ ಕೂತರು.

ಕುಕಾ ನಮ್ಮವರಿಗೆಲ್ಲ ಬಾಯಿಪಾಠವಾದ ಹಳೆಯ ಹಾಡೊಂದನ್ನು ಎತ್ತಿಕೊಂಡಳು. ಎರಡನೇ ಚರಣದಲ್ಲಿ ಅಪ್ಪನ ಮುಖ ನೋಡಿದಳು, ಅಷ್ಟೇ, ಮುಂದಿನ ಸಾಲು ಮರೆತೇಹೋಯಿತು. ಹತ್ತು ವರ್ಷದಲ್ಲಿ ಒಂದು ಸಾಲನ್ನೂ ತಪ್ಪದವಳು ಬಾಯಿ ತೆರೆದು ನಿಂತುಬಿಟ್ಟಳು. ಹಾರ್ಗ್ರೋವ್ ಹಣೆ ಹಣೆ ಚಚ್ಚಿಕೊಂಡ. ನಾನು ಅದೇ ತಂತಿಯನ್ನು ಮೀಟುತ್ತಾ ಕಾದೆ.

ಆಗ ಮಾವ ಆ ಸಾಲನ್ನು ಎತ್ತಿಕೊಟ್ಟರು. ಶ್ರುತಿ ಎಂಬುದು ಅವರಿಗೆ ಹುಟ್ಟಿನಿಂದಲೂ ಗೊತ್ತಿಲ್ಲ. ಅವರ ಹಿಂದೆ ದೋನ್ಯಾ ಚೋನಾ, ಆಮೇಲೆ ಸೊಸೆಯರು, ಆಮೇಲೆ ಬಿಳಿಯರ ನಡುನಡುವೆ ಕೂತಿದ್ದ ನಮ್ಮವರೆಲ್ಲ ಹಾಡತೊಡಗಿದರು. ಕುಕಾ ಶಾಲಿನಲ್ಲಿ ಕಣ್ಣೊರೆಸಿಕೊಂಡು ಕೇಳುತ್ತಾ ನಿಂತಳು. ನಾನು ಗಿಟಾರಿನ ತಂತಿ ಸಡಿಲಿಸಿ, ಮಾವನ ಶ್ರುತಿಗೇ ತಂದುಕೊಂಡು ನುಡಿಸಿದೆ.